ಎರಡು ಜಂತೆ

ನಿಘಂಟು ಕಚೇರಿಯಲ್ಲಿ ಅವಳನ್ನು ಎಲ್ಲರೂ ದುಭಾಷಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಕೋರ್ಟು, ಆಸ್ಪತ್ರೆ, ವಿಚಾರಣಾ ಮಂಡಳಿ ಅಂತ ಅಲೆದು, ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸುತ್ತಾ ಹೊಟ್ಟೆ ಹೊರೆದವಳು. ಮಂಡಿ ನೋವು ಶುರುವಾದ ಮೇಲೆ ಕೂತು ಮಾಡುವ ಕೆಲಸ ಇದ್ದರೆ ನೋಡಿ ಎಂದು ನಾಲ್ಕಾರು ಕಡೆ ಹೇಳಿಟ್ಟಿದ್ದಳು. ಹಾಗೆ ಸಿಕ್ಕಿದ್ದು ಈ ನಿಘಂಟು. ವಾರಕ್ಕೆ ನಾಲ್ಕು ದಿನ ಇಲ್ಲಿ, ಮಿಕ್ಕ ದಿನ ಕರೆ ಬಂದರೆ ಹಳೇ ಕಸುಬು. ಅವಳು ಎಡವಟ್ಟು ಮಾಡಿದಳು ಎಂಬ ಮಾತು ಇಷ್ಟು ವರ್ಷದಲ್ಲಿ ಯಾರ ಬಾಯಲ್ಲೂ ಬಂದಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ಅವಳ ನಡಿಗೆಯಲ್ಲೂ ಕಾಣುತ್ತಿತ್ತು.

ಆ ಸೋಮವಾರ ಅವಳ ಮೇಜಿಗೆ ಬಂದ ಇಂಗ್ಲಿಷ್ ಪದ ರಾಫ್ಟರ್. ಅರ್ಧ ಗಂಟೆಯ ಕೆಲಸ ಅಂದುಕೊಂಡಳು. ತೆಪ್ಪದಲ್ಲಿ ಹೊಳೆ ಇಳಿಯುವವನೂ ರಾಫ್ಟರ್, ಟರ್ಕಿ ಕೋಳಿಗಳ ಹಿಂಡೂ ರಾಫ್ಟರ್. ಸಭೆಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರಿದರೆ ರಾಫ್ಟರ್ ಮುಟ್ಟುವಷ್ಟು ಜನ ಎನ್ನುವುದೂ ಉಂಟು. ಇವನ್ನೆಲ್ಲ ಚಕಚಕನೆ ಬರೆದು ಮುಗಿಸಿದಳು. ಉಳಿದದ್ದು ಮೊದಲನೇ ಅರ್ಥ, ಮನೆಯ ಇಳಿಜಾರು ಮಾಡಿನ ಮರ. ಹಳೆಯ ನಿಘಂಟುಗಳೆಲ್ಲ 'ತೊಲೆ, ಜಂತೆ, ಪಕಾಸಿ, ಗಳು' ಎಂದು ನಾಲ್ಕನ್ನೂ ಒಂದೇ ಸಾಲಿಗೆ ತುರುಕಿದ್ದವು. ಅವಳೂ ಹಾಗೇ ಬರೆದು ಒಳಗೆ ಕಳಿಸಿದಳು.

ಸಂಪಾದಕರು ಆ ಚೀಟಿ ಹಿಡಿದುಕೊಂಡು ತಾವೇ ಎದ್ದು ಬಂದರು. "ಅಮ್ಮ, ಈ ನಾಲ್ಕೂ ಒಂದೇನಾ?"

"ಎಲ್ಲಾ ಮಾಡಿನ ಮರಗಳೇ ಅಲ್ವಾ ಸಾರ್."

"ಅತ್ತೆ, ಮಾವ, ಅಣ್ಣ, ತಮ್ಮ ಎಲ್ಲಾ ಮನೆಯವರೇ. ಹಾಗಂತ ಅತ್ತೇನ ತಮ್ಮ ಅನ್ನೋಕಾಗತ್ತಾ? ಯಾರಾದರೂ ಮರದ ಕೆಲಸದವರನ್ನ ಕೇಳ್ಕೊಂಡು ಬನ್ನಿ."

ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಮರ ಕೊಯ್ಯುವ ಒಂದು ಸಾಮಿಲ್ಲು ಇತ್ತು. ಒಡತಿ ಐವತ್ತು ದಾಟಿದ ಹೆಂಗಸು, ಹುಬ್ಬಿನ ಮೇಲೂ ಮರದ ಪುಡಿ. ಗರಗಸ ನಿಲ್ಲಿಸಿ, ಇವಳು ಬಂದ ಕಾರಣ ಕೇಳಿ ನಕ್ಕಳು. ಆಮೇಲೆ ಮೇಜಿನ ಮೇಲೆ ಬಿದ್ದಿದ್ದ ಚೂರುಪಾರು ಪಟ್ಟಿಗಳನ್ನು ಬಾಚಿಕೊಂಡು ಒಂದು ಪುಟ್ಟ ಮಾಡನ್ನೇ ಕಟ್ಟಿ ತೋರಿಸಿದಳು. ಗೋಡೆಯಿಂದ ಗೋಡೆಗೆ ದಪ್ಪಗೆ ಹಾಕಿದ್ದು ತೊಲೆ. ನೆತ್ತಿಯಿಂದ ಗೋಡೆಗೆ ಓರೆಯಾಗಿ ಇಳಿದದ್ದು ಪಕಾಸಿ. ಪಕಾಸಿಯ ಮೇಲೆ ಹೆಂಚು ಕೂರಿಸಲು ಹೊಡೆಯುವ ತೆಳು ಪಟ್ಟಿ ರೀಪು. ಗಳು ಅಂದರೆ ಬರೀ ಬಿದಿರಿನ ಕೋಲು.

"ನೀವು ಹೇಳೋ ಇಂಗ್ಲಿಷ್ ಮರ ಈ ಓರೆಯದು, ಪಕಾಸಿ," ಎಂದಳು ಒಡತಿ. "ಇಂಜಿನಿಯರುಗಳು ಇದನ್ನೇ ರಾಫ್ಟರ್ ಅನ್ನೋದು."

"ಮತ್ತೆ ಜಂತೆ?"

ಒಡತಿ ಎರಡು ಪಟ್ಟಿಗಳನ್ನು ತೊಲೆಯ ಮೇಲೆ ಅಡ್ಡಡ್ಡ ಇಟ್ಟಳು. "ಇದು. ಒಳಗಡೆ ಹಲಗೆ ಚಾವಣಿ ಹೊಡೀತಾರಲ್ಲ, ಅದನ್ನ ಹಿಡ್ಕೊಳ್ಳೋ ಮರ."

"ನಮ್ಮಜ್ಜಿ ಮನೇಲಿ ಓರೆ ಮರಕ್ಕೇ ಜಂತೆ ಅಂತಿದ್ರು."

"ಅಂತಿರಬಹುದಮ್ಮ, ಒಂದೊಂದು ಕಡೆ ಒಂದೊಂದು. ಇಲ್ಲಿನ ಬಡಗಿಗಳಿಗೆ ಜಂತೆ ಅಂದ್ರೆ ಮಲಗಿರೋ ಮರ. ಓರೆಯಾಗಿದ್ರೆ ಅದು ಜಂತೆ ಅಲ್ಲ. ನೋಡಿ, ಇವೆರಡನ್ನ ತೆಗೆದ್ರೆ ಏನಾಗತ್ತೆ?" ಎಂದು ಅಡ್ಡ ಪಟ್ಟಿಗಳನ್ನು ಎತ್ತಿಬಿಟ್ಟಳು. ಪುಟ್ಟ ಮಾಡು ಹಾಗೇ ನಿಂತಿತ್ತು. "ಈಗ ಪಕಾಸಿ ಎರಡು ತೆಗೀತೀನಿ." ಮಾಡು ಒಂದು ಬದಿಗೆ ವಾಲಿ ಕುಸಿದು ಕೂತಿತು.

ದುಭಾಷಮ್ಮನಿಗೆ ಹಳೆಯ ಒಂದು ವಿಚಾರಣೆ ನೆನಪಾಯಿತು. ಕೈಯಲ್ಲಿದ್ದ ಪೆನ್ನಿನ ಮುಚ್ಚಳ ಮರದ ಪುಡಿಯೊಳಗೆ ಬಿದ್ದದ್ದೂ ಗೊತ್ತಾಗಲಿಲ್ಲ.

ಎಂಟು ವರ್ಷದ ಹಿಂದೆ, ಗಾಳಿಮಳೆಯ ಒಂದು ಬೆಳಿಗ್ಗೆ, ಅಂಚೆ ವಿಂಗಡಿಸುವ ಹಳೇ ಕಟ್ಟಡದ ಹೆಂಚಿನ ಮಾಡು ಕುಸಿದಿತ್ತು. ಒಳಗೆ ಕಾಗದ ವಿಂಗಡಿಸುತ್ತಿದ್ದ ಒಬ್ಬ ಹೆಂಗಸಿನ ಎಡಗಾಲು ಮಂಡಿಯಿಂದ ಕೆಳಗೆ ಹೋಯಿತು. ಅದಕ್ಕೆ ಮೂರು ತಿಂಗಳ ಮುಂಚೆ ಅಲ್ಲಿ ಕೆಲಸ ಮಾಡಿದ್ದವನು ಒಬ್ಬ ಬಡಗಿ ಮೇಸ್ತ್ರಿ. ವೈರಿಂಗಿನವರು ಮೇಲೆ ಹತ್ತಲಿ ಅಂತ ಹಲಗೆ ಚಾವಣಿಯಲ್ಲಿ ಒಂದು ಕಿಂಡಿ ಕೊಯ್ದು ಕೊಟ್ಟಿದ್ದ. ವಿಚಾರಣೆಗೆ ಹೊರಗಿನಿಂದ ಕರೆಸಿದ್ದ ಇಂಜಿನಿಯರಿಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು, ಮೇಸ್ತ್ರಿಗೆ ಇಂಗ್ಲಿಷ್ ಬಾರದು. ನಡುವೆ ಕೂತವಳು ದುಭಾಷಮ್ಮ. ಮುರಿದ ಮರವನ್ನೆಲ್ಲ ಅಷ್ಟರಲ್ಲಿ ಲಾರಿಗೆ ತುಂಬಿ ಸಾಗಿಸಿದ್ದರು. ಉಳಿದಿದ್ದು ಬಾಯಿಮಾತು ಮಾತ್ರ.

ಕಿಂಡಿ ಮಾಡುವಾಗ ಏನೇನು ಕೊಯ್ದೆ ಎಂದು ಇಂಜಿನಿಯರ್ ಕೇಳಿದ. "ಎರಡು ಜಂತೆ ಕೊಯ್ದೆ ಸ್ವಾಮಿ," ಎಂದ ಮೇಸ್ತ್ರಿ. ಹೇಳುತ್ತಾ ಅಂಗೈಯನ್ನು ಕೆಳಮುಖ ಮಾಡಿ ಗಾಳಿಯಲ್ಲಿ ಉದ್ದಕ್ಕೆ ಎಳೆದು ತೋರಿಸಿದ, ಮೇಜು ಒರೆಸುವ ಹಾಗೆ. ದುಭಾಷಮ್ಮ ಅದನ್ನು ನೋಡಿದಳು. ಓರೆ ಮರಕ್ಕೆ ಕೈ ಹೀಗೆ ಯಾಕೆ ಹೋಗತ್ತೆ ಎಂದು ಒಂದು ಗಳಿಗೆ ಅನ್ನಿಸಿತು ಕೂಡ. ಯಾವ ಜಂತೆ ಎಂದು ಕೇಳಬಹುದಿತ್ತು. ಆದರೆ ಅಧ್ಯಕ್ಷರು ಗಡಿಯಾರ ನೋಡುತ್ತಿದ್ದರು. ಮೇಲಾಗಿ, ತಿರುಗಿ ಕೇಳಿದರೆ ಈ ಹೆಂಗಸಿಗೆ ಪದ ಗೊತ್ತಿಲ್ಲ ಅಂದುಕೊಂಡಾರು. "ಎರಡು ರಾಫ್ಟರ್ ಕೊಯ್ದೆ" ಎಂದು ಇಂಗ್ಲಿಷಿನಲ್ಲಿ ಹೇಳಿಬಿಟ್ಟಳು. ಇಂಜಿನಿಯರಿನ ಮುಖ ಗಂಟಿಕ್ಕಿತು.

"ಏನಂದ್ರಮ್ಮ ಅವರು?" ಎಂದು ಮೇಸ್ತ್ರಿ ಮೆಲ್ಲಗೆ ಕೇಳಿದ್ದ.

"ಏನಿಲ್ಲ, ಬರ್ಕೊಳ್ತಿದ್ದಾರೆ ಅಷ್ಟೇ," ಎಂದಿದ್ದಳು.

ಮೇಸ್ತ್ರಿಯ ಪರವಾನಗಿ ರದ್ದಾಯಿತು ಎಂದು ಆಮೇಲೆ ಎಲ್ಲೋ ಓದಿದ್ದಳು. ಪಾಪ, ಅಜಾಗರೂಕ ಮನುಷ್ಯ ಅಂದುಕೊಂಡು ಪುಟ ತಿರುಗಿಸಿದ್ದಳು.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ಅಕ್ಕ. ಅಕ್ಕ ನಲವತ್ತು ವರ್ಷ ಬಟ್ಟೆ ಹೊಲಿದವಳು, ಮಾತೂ ಕತ್ತರಿ ಆಡಿಸಿದ ಹಾಗೆ. ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ಹಣೆಗೇರಿಸಿ ಕೇಳಿದಳು: "ಇದು ಯಾರ್ಯಾರಿಗೆ ಗೊತ್ತು?"

"ನನಗೆ. ಈಗ ನಿನಗೆ."

"ಆ ಮೇಸ್ತ್ರಿಗೆ?"

"ಅವನಿಗೆ ಗೊತ್ತೇ ಇಲ್ಲ ಅಕ್ಕ. ನಾನು ಏನು ಹೇಳಿದೆ ಅಂತ ಅವನಿಗೆ ಯಾರು ಹೇಳ್ಬೇಕಿತ್ತು? ನಾನೇ."

ಅಕ್ಕ ಏನಾದರೂ ಹೇಳಿ ಹಗುರ ಮಾಡುತ್ತಾಳೆ ಎಂದು ಕಾದಳು. ಅಕ್ಕ ಕನ್ನಡಕವನ್ನು ಮತ್ತೆ ಮೂಗಿಗಿಳಿಸಿ ಹೊಲಿಗೆ ಕೈಗೆತ್ತಿಕೊಂಡಳು. 

ಒಂಬತ್ತು ದಿನ ಏನೂ ಮಾಡಲಿಲ್ಲ.  ಕಚೇರಿಯಲ್ಲಿ ಕೂತರೆ ಕಣ್ಣು ತಾನಾಗಿ ಚಾವಣಿಗೆ ಹೋಗುವುದು. ಅವನೂ ಸ್ವಲ್ಪ ಬಿಡಿಸಿ ಹೇಳಬಾರದಿತ್ತೆ ಎಂದು ಒಂದು ದಿನ ಮೇಸ್ತ್ರಿಯ ಮೇಲೇ ಸಿಟ್ಟು ಮಾಡಿಕೊಂಡಳು. ಆ ಸಿಟ್ಟು ಮಧ್ಯಾಹ್ನದವರೆಗೂ ಬಾಳಲಿಲ್ಲ. ಹತ್ತನೇ ದಿನ ಸಾಮಿಲ್ಲಿನ ಒಡತಿಯನ್ನೇ ವಿಚಾರಿಸಿದಾಗ ವಿಳಾಸ ಸಿಕ್ಕಿತು. ಮೇಸ್ತ್ರಿ ಈಗ ಹಣ್ಣಿನ ಸಗಟು ಮಾರುಕಟ್ಟೆಯ ಹಿಂಬದಿಯ ತಗಡಿನ ಶೆಡ್ಡಿನಲ್ಲಿ ಸೇಬಿನ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ.

ಎರಡು ಬಸ್ಸು ಬದಲಾಯಿಸಿ ಹೋದಳು. ಮೇಸ್ತ್ರಿಗೆ ಅರವತ್ತಾರರ ಆಸುಪಾಸು, ಕತ್ತು ಮುಂದಕ್ಕೆ ಬಾಗಿತ್ತು, ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡಿದ್ದ. ಮೊಳೆ ಉಗಿದು, "ಏನ್ ಬೇಕಮ್ಮ?" ಎಂದ. ಅವನಿಗೆ ಇವಳ ಗುರುತು ಹತ್ತಲಿಲ್ಲ. ದುಭಾಷಮ್ಮ ಬಾಯಿ ತೆರೆದಳು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದಳು.

"ಒಂದು ಪೆಟ್ಟಿಗೆ," ಎಂದಳು.

ಖಾಲಿ ಪೆಟ್ಟಿಗೆ ಕಂಕುಳಲ್ಲಿ ಅವುಚಿಕೊಂಡು ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತು ನೋಡಿದಳು. "ಇದಕ್ಕೇನೇ ಹೋಗಿದ್ದು? ನಾಳೆ ಇನ್ನೊಂದು ತಾ, ಜೋಡಿಸಿ ಮಂಚ ಮಾಡ್ಕೊಳ್ಳೋಣ." ಹೇಳಿ ನಗಲಿಲ್ಲ. "ನಾನೂ ಬರ್ಲಾ?" ಎಂದಳು ಆಮೇಲೆ.

"ಬೇಡ. ನೀನು ಬಂದ್ರೆ ನೀನೇ ಹೇಳಿಬಿಡ್ತೀಯ."

ಮಾರನೇ ದಿನ ಮತ್ತೆ ಹೋದಳು. ಮಧ್ಯಾಹ್ನದ ಹೊತ್ತು, ಮೇಸ್ತ್ರಿಯ ಮಗಳು ಊಟದ ಡಬ್ಬಿ ತಂದಿದ್ದಳು. ಮೂವತ್ತರ ಹೆಂಗಸು, ಆಸ್ಪತ್ರೆಯ ಆಯಾ ಸಮವಸ್ತ್ರ. ದುಭಾಷಮ್ಮ ಕೂರಲಿಲ್ಲ. ನಿಂತೇ, ಒಂದೇ ಉಸಿರಿಗೆ, ತಾನು ಯಾರು, ಆ ದಿನ ಅವನು ಏನು ಹೇಳಿದ, ತಾನು ಅದನ್ನು ಏನು ಮಾಡಿ ಹೇಳಿದೆ, ಎಲ್ಲವನ್ನೂ ಹೇಳಿದಳು.

ಮೇಸ್ತ್ರಿ ಕೈಯಲ್ಲಿದ್ದ ಸುತ್ತಿಗೆಯನ್ನು ಕೆಳಗಿಟ್ಟ. "ಆ ಮಾತು ಇನ್ನೊಂದು ಸಲ ಹೇಳಿ. ಇಂಗ್ಲಿಷಿಂದು."

"ರಾಫ್ಟರ್."

"ರಾಪ್ಟರ್," ಎಂದ. "ಅಂದ್ರೆ ಪಕಾಸಿ?"

"ಹೌದು."

"ಎರಡು ಪಕಾಸಿ ಕೊಯ್ದೆ ಅಂತ ಹೇಳಿದ್ರಾ?" ಅವನ ದನಿ ಏರಲಿಲ್ಲ, ಇಳಿಯಿತು. "ಪಕಾಸಿ ಕೊಯ್ಯೋನು ಬಡಗೀನೇ ಅಲ್ಲಮ್ಮ. ತಲೆ ಕೆಟ್ಟೋನು." ಅಂಗೈಯನ್ನು ಕೆಳಮುಖ ಮಾಡಿ ಕೇಳಿದ: "ನಾನು ಕೈ ಹೀಗೆ ಮಾಡಿ ತೋರ್ಸಿದ್ದೆ, ಅಲ್ವಾ? ಅಥವಾ ತೋರ್ಸಿದ್ದೆ ಅಂತ ಈಗ ಅನ್ಸತ್ತಾ?"

"ತೋರ್ಸಿದ್ರಿ."

"ನೀವು ನೋಡಿದ್ರಾ?"

ಇಲ್ಲ ಅನ್ನುವುದು ಎಷ್ಟು ಸುಲಭವಿತ್ತು. ನಾಲಿಗೆ ಅರ್ಧ ಆ ಕಡೆಗೆ ಹೊರಳಿಯೂ ಇತ್ತು. "ನೋಡ್ದೆ," ಎಂದಳು. "ಅನುಮಾನ ಬಂತು. ಆದ್ರೂ ಕೇಳ್ಲಿಲ್ಲ."

ಮಗಳು ಡಬ್ಬಿಯ ಮುಚ್ಚಳ ಹಾಕಿ ಎದ್ದಳು. "ನಿಮಗೆ ಗೊತ್ತಾ ನಮ್ಮಪ್ಪ ಏನು ಮಾಡ್ತಿದ್ದಾರೆ ಅಂತ?" ಎಂದಳು, ಗದ್ಗದವೋ ಕೋಪವೋ, ಮಾತು ತುಂಡಾಗುತ್ತಿತ್ತು. "ತಿಂಗಳಿಗೊಂದು ಸಲ ಆ ಅಂಚೆಯಮ್ಮನ ಮನೆಗೆ ಹೋಗ್ತಾರೆ, ಕಾಲು ಕಳ್ಕೊಂಡೋರು. ಹೋಗಿ ಇಳಿಜಾರು ಹಲಗೆ ಹಾಕಿಕೊಟ್ರು, ಬಚ್ಚಲಿಗೆ ಹಿಡಿ ಹಾಕಿಕೊಟ್ರು, ಮಂಚ ತಗ್ಗಿಸಿಕೊಟ್ರು. ನಿಮ್ಮ ಕಾಲು ನಾನೇ ತಿಂದೆ ಅಂತ ಅವರ ಮುಂದೆ ಕೈ ಮುಗಿದು ಅತ್ತಿದ್ದಾರೆ. ಏಳು ವರ್ಷದಿಂದ!"

ದುಭಾಷಮ್ಮ ಮೇಸ್ತ್ರಿಯ ಕಡೆ ತಿರುಗಿದಳು. "ಆದ್ರೆ ನೀವು ಕೊಯ್ದಿದ್ದು ಜಂತೆ ಅಂತ ನಿಮಗೆ ಗೊತ್ತಿತ್ತಲ್ಲ ಮೇಸ್ತ್ರಿ?"

"ಗೊತ್ತಿತ್ತು. ಜಂತೆ ಕೊಯ್ದ್ರೆ ಮಾಡು ಬೀಳಲ್ಲ ಅಂತಾನೂ ಗೊತ್ತಿತ್ತು," ಎಂದ ಮೇಸ್ತ್ರಿ. "ಆದ್ರೆ ಅಷ್ಟು ಓದಿದೋರು, ಅಷ್ಟು ಜನ ಕೂತು, ನೀನು ಕೊಯ್ದಿದ್ದಕ್ಕೇ ಬಿತ್ತು ಅಂತ ಬರೆದ್ರು. ಅವರಿಗೆ ಕಂಡಿದ್ದು ನನಗೆ ಕಾಣಲಿಲ್ಲವೇನೋ ಅಂದ್ಕೊಂಡೆ. ಮೊದಲ ವರ್ಷ ನಂಬ್ಲಿಲ್ಲ. ಆಮೇಲಾಮೇಲೆ ನಂಬಿಬಿಟ್ಟೆ."

ದುಭಾಷಮ್ಮ ಪೆಟ್ಟಿಗೆಯೊಂದರ ಮೇಲೆ ಕೂತಳು. ಅವನ ಕೆಲಸ ಹೋಯಿತು, ಹೆಸರು ಹೋಯಿತು ಎಂದಷ್ಟೇ ಇಷ್ಟು ದಿನ ಅಂದುಕೊಂಡಿದ್ದಳು. ಅವನ ಕೈಕಸುಬಿನ ಮೇಲೆ ಅವನಿಗೇ ಇದ್ದ ನಂಬಿಕೆಯನ್ನು ತಾನು ಕಿತ್ತುಕೊಂಡಿದ್ದು ತಲೆಗೆ ಹೊಳೆದಿರಲಿಲ್ಲ.

"ಬರೆದು ಕೊಡ್ತೀರಾ?" ಎಂದು ಮಗಳು ಕೇಳಿದಳು.

"ಕೊಡ್ತೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

ಹೇಳಿದಷ್ಟು ಸುಲಭವಾಗಲಿಲ್ಲ. ವಿಚಾರಣಾ ಮಂಡಳಿಯ ಕಚೇರಿಯ ಗುಮಾಸ್ತ, ಮುಚ್ಚಿದ ಫೈಲು ತೆರೆಯೋಕೆ ಇದೇನು ಉಪ್ಪಿನ ಡಬ್ಬೀನಾ ಎಂದ. ಒಂದು ಅರ್ಜಿ ಕಳೆದುಹೋಯಿತು, ಇನ್ನೊಂದು ತಪ್ಪು ಮೇಜಿನಲ್ಲಿ ಒಂದು ತಿಂಗಳು ಮಲಗಿತು. ದುಭಾಷಮ್ಮ ಹಟ ಹಿಡಿದಳು. ಬೆಳಿಗ್ಗೆ ಕಚೇರಿ ತೆರೆಯುವ ಮುಂಚೆ ಹೋಗಿ ಮೆಟ್ಟಿಲ ಮೇಲೆ ಕೂರುತ್ತಿದ್ದಳು. ಗುಮಾಸ್ತ ಅವಳ ಮುಖ ಕಂಡರೆ ಕ್ಯಾಂಟೀನಿಗೆ ಓಡುವಂತಾಯಿತು. ನಾಲ್ಕನೇ ತಿಂಗಳು ಮರುವಿಚಾರಣೆಗೆ ಕರೆ ಬಂತು.

ಹೋಗುವ ಮುಂಚೆ ದುಭಾಷಿಗಳ ಸಂಘದ ಕಾರ್ಯದರ್ಶಿ ಅವಳನ್ನು ಪಕ್ಕಕ್ಕೆ ಕರೆದ. "ಅಮ್ಮ, ಒಂದೊಂದು ಕಡೆ ಒಂದೊಂದು ಅರ್ಥ ಅಂತ ಹೇಳಿ ಸಾಕು. ಅದು ನಿಜಾನೇ ಅಲ್ವಾ? ಅವನಿಗೂ ನ್ಯಾಯ ಸಿಗತ್ತೆ, ನಿಮ್ಮ ಹೆಸರೂ ಉಳಿಯತ್ತೆ. ಅನುಮಾನ ಬಂದಿತ್ತು ಅಂತ ಮಾತ್ರ ಬಾಯಿ ಬಿಡಬೇಡಿ."

ಅದು ನಿಜವೇ ಆಗಿತ್ತು. ಅಜ್ಜಿಯ ಮನೆಯ ಜಂತೆ ಬೇರೆ, ಇಲ್ಲಿಯ ಜಂತೆ ಬೇರೆ. ಒಳಗೆ ಹೋಗಿ ಕೂತು ಅವಳು ಅದನ್ನೇ ಹೇಳಿದಳು. ಈಗಿನ ಅಧಿಕಾರಿ ಹೆಂಗಸು ತಲೆಯಾಡಿಸಿ ಬರೆದುಕೊಂಡಳು. ಫೈಲಿನ ಹಿಂಬದಿಯಲ್ಲಿ ವೈರಿಂಗಿನವರು ಕಿಂಡಿಯಿಂದ ಮೇಲೆ ಹತ್ತುವ ಮುಂಚೆ ತೆಗೆದಿದ್ದ ಒಂದು ಚಿತ್ರ ಎಂಟು ವರ್ಷದಿಂದ ಹಾಗೇ ಅಂಟಿಕೊಂಡಿತ್ತು: ಚೌಕಾಕಾರದ ಕಿಂಡಿ, ಅದರ ಅಂಚಿನಲ್ಲಿ ಕೊಯ್ದ ಎರಡು ಮರ, ಎರಡೂ ಮಲಗಿದವು, ಮೇಲೆ ಕತ್ತಲಲ್ಲಿ ಓರೆ ಮರಗಳು ಇಡಿಯಾಗಿಯೇ ಇದ್ದವು. ಮೇಸ್ತ್ರಿ ಒಪ್ಪಿಕೊಂಡಿದ್ದಾನೆ ಎಂದು ಬರೆದಿದ್ದ ಮೇಲೆ ಯಾರೂ ಅದನ್ನು ತಿರುಗಿಸಿ ನೋಡಿರಲಿಲ್ಲ. ಗೋಡೆಯೊಳಗೆ ಪಕಾಸಿಗಳ ತುದಿ ಕೊಳೆತಿದೆ ಎಂದು ಮುಂಚೆಯೇ ಯಾರೋ ಬರೆದಿದ್ದ ಟಿಪ್ಪಣಿಯೂ ಅದೇ ಫೈಲಿನಲ್ಲಿ ಸಿಕ್ಕಿತು.

"ಹಾಗಾದ್ರೆ ಇದು ಪ್ರಾಮಾಣಿಕ ತಪ್ಪು," ಎಂದಳು ಅಧಿಕಾರಿ, ಪೆನ್ನು ಎತ್ತುತ್ತಾ. "ಆ ಕ್ಷಣಕ್ಕೆ ನಿಮಗೆ ಅನುಮಾನ ಬರೋಕೆ ಕಾರಣ ಇರಲಿಲ್ಲ, ಅಲ್ವಾ?"

ಮೂಲೆಯ ಬೆಂಚಿನಲ್ಲಿ ಮೇಸ್ತ್ರಿ ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ, ಮಡಿಲಲ್ಲಿ ಕೈ. ಅವಳನ್ನು ನೋಡುತ್ತಿರಲಿಲ್ಲ, ನೆಲ ನೋಡುತ್ತಿದ್ದ.

"ಬಂದಿತ್ತು," ಎಂದಳು ದುಭಾಷಮ್ಮ. "ಅವರು ಕೈಯಲ್ಲಿ ಅಡ್ಡಮರ ಅಂತ ತೋರಿಸಿದ್ದನ್ನ ನಾನು ಕಣ್ಣಾರೆ ನೋಡಿದ್ದೆ. ಕೇಳಿದ್ರೆ ನನಗೆ ಗೊತ್ತಿಲ್ಲ ಅಂತ ಆಗತ್ತೆ ಅಂತ ಕೇಳ್ಲಿಲ್ಲ. ಅವರು ನನ್ನನ್ನ ಕೇಳಿದಾಗ ಏನಿಲ್ಲ ಅಂದೆ. ಬರ್ಕೊಳ್ಳಿ."

ಆರು ವಾರದ ಮೇಲೆ ಮೇಸ್ತ್ರಿಯ ಮೇಲಿದ್ದ ದೋಷ ತೆಗೆದು ಹಾಕಿ ಪರವಾನಗಿ ವಾಪಸು ಕೊಟ್ಟರು. ಅದೇ ವಾರ ದುಭಾಷಿಗಳ ಪಟ್ಟಿಯಿಂದ ಅವಳ ಹೆಸರು ತೆಗೆದರು. ಸಂಪಾದಕರು ಮಾತ್ರ ಮುಂದಿನ ಪದಗಳ ಕಟ್ಟು ತಂದು ಮೇಜಿನ ಮೇಲಿಟ್ಟು ಹೋದರು. ಅಕ್ಕ ಆ ಸಂಜೆ, "ಒಳ್ಳೇದಾಯ್ತು, ಇನ್ಮೇಲೆ ಮನೇಲಿ ನನ್ನ ಮಾತನ್ನ ನನಗೇ ತಿದ್ದಿ ಹೇಳೋದು ತಪ್ಪತ್ತೆ," ಎಂದಳು. ಬಾಯಿ ಹಾಗೆಂದರೂ ತಟ್ಟೆಗೆ ಎರಡು ಸೌಟು ಹೆಚ್ಚೇ ಬಡಿಸಿದಳು.

ಪರವಾನಗಿ ಬಂತೆಂದು ಮೇಸ್ತ್ರಿ ಮಾಡು ಹತ್ತಲಿಲ್ಲ. ಭುಜ ಹಿಡಿದುಕೊಂಡಿತ್ತು, ಏಣಿಯ ಮೇಲೆ ಕಾಲು ನಡುಗುತ್ತಿತ್ತು. ಎಂಟು ವರ್ಷ ಮುಂಚೆ ಆಗಿದ್ದರೆ ಆ ಮಾತು ಬೇರೆ. ಒಂದು ದಿನ ಅವನೇ ನಿಘಂಟು ಕಚೇರಿಗೆ ಬಂದ. "ಅಂಚೆಯಮ್ಮನಿಗೆ ಇನ್ನೂ ಗೊತ್ತಿಲ್ಲ," ಎಂದ. "ನಾನು ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಹೇಳ್ತಿದ್ದೀನಿ ಅನ್ಸತ್ತೆ. ನೀವೇ ಬರ್ಬೇಕು."

ನೆಲಮಹಡಿಯ ಎರಡು ಕೋಣೆಯ ಮನೆ. ಬಾಗಿಲಿಗೆ ಇಳಿಜಾರು ಹಲಗೆ. ಹೆಜ್ಜೆ ಇಟ್ಟರೆ ಒಂದಿಷ್ಟೂ ಕಿರುಗುಟ್ಟಲಿಲ್ಲ. ಅಂಚೆಯಮ್ಮ ಕಿಟಕಿಯ ಪಕ್ಕ ಊರುಗೋಲು ಒರಗಿಸಿ ಕೂತಿದ್ದಳು, ಬಿಳಿ ಕೂದಲಿನ ದಪ್ಪ ಹೆಂಗಸು. ದುಭಾಷಮ್ಮ ಮೂರನೇ ಸಲ ಅದೇ ಕತೆ ಹೇಳಿದಳು. ಹೇಳಿ ಹೇಳಿ ಅದು ಸವೆದಿರಲಿಲ್ಲ. ಇಲ್ಲಿ, ಎಡಗಾಲು ಇರಬೇಕಾದಲ್ಲಿ ಮಡಿಸಿದ ಆ ಸೀರೆಯ ಅಂಚಿನ ಮುಂದೆ, ಎಲ್ಲಕ್ಕಿಂತ ಕಷ್ಟವಾಯಿತು.

ಅಂಚೆಯಮ್ಮ ಅವಳನ್ನು ಬೈಯಲಿಲ್ಲ. ಮೇಸ್ತ್ರಿಯ ಕಡೆ ತಿರುಗಿದಳು. "ಮೊದಲನೇ ವರ್ಷ ನಿಮ್ಮನ್ನ ಬಾಯಿಗೆ ಬಂದಂಗೆ ಬೈದಿದ್ದೀನಿ. ನಿಮ್ಮ ಮಕ್ಕಳಿಗೂ ಹಿಂಗೇ ಆಗ್ಲಿ ಅಂದಿದ್ದೀನಿ. ಅದನ್ನೆಲ್ಲ ಈಗ ನಾನು ಎಲ್ಲಿಗೆ ಹಾಕ್ಲಿ ಮೇಸ್ತ್ರಿ?"

"ನೀವೇನ್ ಮಾಡ್ತೀರಮ್ಮ. ನಿಮಗೆ ಹೇಳಿದ್ದೇ ಹಂಗೆ."

"ಹಾಗಾದ್ರೆ ಇನ್ಮೇಲೆ ಬರಲ್ವಾ?"

ಮೇಸ್ತ್ರಿ ಎದ್ದು ಹೋಗಿ ಹಿಂಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ನೋಡಿದ. "ಇದು ಕೆಳಗೆ ಉಜ್ಜತ್ತಲ್ಲ. ಬರ್ತೀನಿ, ಬಾಚಿ ಕೊಡ್ತೀನಿ."

ಇಬ್ಬರೂ ಒಟ್ಟಿಗೆ ಹೊರಬಂದರು. ಬಸ್ ನಿಲ್ದಾಣದವರೆಗೆ ನಡೆದರು. ಅವಳ ಬಸ್ಸು ತಿರುವಿನಲ್ಲಿ ಕಂಡಾಗ ಮೇಸ್ತ್ರಿ ಬಾಯಿ ಬಿಟ್ಟ. "ನೀವು ಬಂದು ಹೇಳಿದ್ದು ಸಣ್ಣದಲ್ಲ ಅಂತ ಮಗಳು ಅಂತಾಳೆ. ನನಗೂ ಗೊತ್ತು. ಆದ್ರೆ ಹೋಗ್ಲಿ ಬಿಡಿ ಅನ್ನೋ ಮಾತು ಇನ್ನೂ ಬರ್ತಿಲ್ಲಮ್ಮ. ಸುಮ್ನೆ ಅಂದ್ರೆ ಅದು ಸುಳ್ಳಾಗತ್ತೆ."

"ಅನ್ನಬೇಡಿ ಮೇಸ್ತ್ರಿ."

"ಆ ಮಾತು ಬಂದ ದಿನ ಹೇಳ್ತೀನಿ."

"ಆಗ್ಲಿ," ಎಂದು ಅವಳು ಬಸ್ಸು ಹತ್ತಿದಳು.

ಅದಾಗಿ ಒಂದೂವರೆ ವರ್ಷವಾಯಿತು. ಆಗಾಗ ಮಾರುಕಟ್ಟೆಯ ಕಡೆ ಹೋದಾಗ ಅವನ ಶೆಡ್ಡಿನ ಮುಂದೆ ನಿಂತು ಆರೋಗ್ಯ ಕೇಳುತ್ತಾಳೆ; ಅವನೂ ಅವಳ ಮಂಡಿ ನೋವು ಕೇಳುತ್ತಾನೆ. ಆ ಮಾತನ್ನು ಅವನು ಇನ್ನೂ ಹೇಳಿಲ್ಲ. ಅವಳೂ ಕೇಳಿಲ್ಲ.